ಹಾಡಿಯಲ್ಲಿ ಆರೈಕೆ: ಮಾರ್ಕ್ಸ್ ಹಾಕೋರು ಯಾರು?

(ಆಶಾ ಮೆಂಟರ್‌ಗಳು, ನರ್ಸಿಂಗ್ ಬೋಧಕರು ಮತ್ತು ಆರೋಗ್ಯ ತರಬೇತುದಾರರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ಪ್ರಶ್ನೆ ನನ್ನದಲ್ಲ, ಫಸ್ಟ್ ಇಯರ್ ನರ್ಸಿಂಗ್ ಓದ್ತಿದ್ದ ಒಬ್ಬ ಮಾವೊರಿ ಸ್ಟೂಡೆಂಟ್‌ದು. 1988ರಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಮಾವೊರಿ ಜನ ನರ್ಸಿಂಗ್ ಶಿಕ್ಷಣದ ಬಗ್ಗೆ ಮಾತಾಡೋಕೆ ಅಂತ ಸಭೆ ಸೇರಿದ್ರು, ಮಾವೊರಿ ಅಂದ್ರೆ ಬ್ರಿಟಿಷರು ಕಾಲಿಡೋಕೆ ಎಷ್ಟೋ ಮುಂಚೆಯಿಂದ ಆ ದ್ವೀಪಗಳಲ್ಲಿ ಬಾಳ್ತಿದ್ದ ಮೂಲ ಜನ. ಅಲ್ಲಿ ಈ ಸ್ಟೂಡೆಂಟ್ ಎದ್ದು ನಿಂತು ಕೇಳಿದ್ದು ಹೆಚ್ಚು ಕಡಿಮೆ ಹೀಗೆ: ನೀವು ಕಾನೂನಿನ ಸೇಫ್ಟಿ ಅಂತೀರ, ನೀತಿಯ ಸೇಫ್ಟಿ ಅಂತೀರ, ಚಿಕಿತ್ಸೆಯ ಸೇಫ್ಟಿ ಅಂತೀರ, ಎಲ್ಲಾ ಸರಿ, ಸಂಸ್ಕೃತಿಯ ಸೇಫ್ಟಿ ಬಗ್ಗೆ ಏನು ಹೇಳ್ತೀರ?

ಆ ಪ್ರಶ್ನೇನ ಕೈಗೆತ್ತಿಕೊಂಡು ಒಂದು ಇಡೀ ಶಿಕ್ಷಣ ಕ್ರಮ ಕಟ್ಟಿದವರು ಇರಿಹಪೇಟಿ ರಾಮ್ಸ್‌ಡೆನ್. ಅವ್ರೂ ಮಾವೊರಿ, ಅವ್ರೂ ನರ್ಸ್. ನಾಲ್ಕು ವರ್ಷದಲ್ಲಿ, ಅಂದ್ರೆ 1992ರಲ್ಲಿ, ನ್ಯೂಜಿಲೆಂಡಿನ ನರ್ಸಿಂಗ್ ಕೌನ್ಸಿಲ್ ಇದನ್ನ ನರ್ಸಿಂಗ್ ಮತ್ತೆ ಮಿಡ್‌ವೈಫರಿ, ಅಂದ್ರೆ ಸೂಲಗಿತ್ತಿ ವಿದ್ಯೆಯ, ಕೋರ್ಸಿನಲ್ಲಿ ಕಡ್ಡಾಯ ಮಾಡ್ತು. ಆಮೇಲೆ ದೊಡ್ಡ ಗಲಾಟೆನೂ ಆಯ್ತು, ನರ್ಸ್‌ಗಳಿಗೆ ಇಂಜೆಕ್ಷನ್ ಕೊಡೋದು ಕಲಿಸೋದು ಬಿಟ್ಟು ರಾಜಕೀಯ ಕಲಿಸ್ತಿದ್ದೀರ ಅಂತ ಪೇಪರ್‌ಗಳಲ್ಲಿ ಬಂತು, 1995ರಲ್ಲಿ ಅದು ಅಲ್ಲಿನ ಸಂಸತ್ತಿನ ಸಮಿತಿ ಮುಂದೆ ವಿಚಾರಣೆ ತನಕ ಹೋಯ್ತು. ರಾಮ್ಸ್‌ಡೆನ್ ಹಿಂದೆ ಸರೀಲಿಲ್ಲ. 2003ರಲ್ಲಿ ತೀರಿಕೊಂಡ್ರು, ಅದಕ್ಕೆ ಮುಂಚೆ ಇದೇ ವಿಷಯದ ಮೇಲೆ ಪಿಎಚ್‌ಡಿ ಮುಗಿಸಿದ್ರು. ಅವ್ರ ಹೆಸರು ನಮ್ಮ ನರ್ಸಿಂಗ್ ಕಾಲೇಜುಗಳಲ್ಲಿ ಕೇಳಿಬರೋದು ತುಂಬಾ ಕಡಿಮೆ, ಅದಕ್ಕೇ ಇವತ್ತು ಮೊದಲು ಅವ್ರನ್ನೇ ನೆನೆಸ್ಕೊಂಡೆ.

ಅವ್ರು ಏನು ಹೇಳಿದ್ರು ಅನ್ನೋದು ಮುಖ್ಯ. ಅದಕ್ಕೂ ಮುಂಚೆ ಅಮೆರಿಕದಿಂದ ಬಂದ ಒಂದು ವಿಚಾರ ಚಾಲ್ತೀಲಿತ್ತು, ಮೆಡಲಿನ್ ಲೈನಿಂಗರ್ ಅನ್ನೋರು ಕಟ್ಟಿದ್ದು. ಬೇರೆ ಬೇರೆ ಸಮುದಾಯಗಳ ಆಚಾರ, ನಂಬಿಕೆ, ಊಟ, ಬಾಣಂತನ ಎಲ್ಲಾ ಅಧ್ಯಯನ ಮಾಡಿ, ಅದಕ್ಕೆ ಹೊಂದೋ ಹಾಗೆ ಆರೈಕೆ ಕೊಡಿ ಅಂತ. ಕೇಳೋಕೆ ಚೆನ್ನಾಗಿದೆ, ಕೆಟ್ಟದ್ದೇನಿಲ್ಲ. ರಾಮ್ಸ್‌ಡೆನ್ ಇದನ್ನ ತಿರುಗಿಸಿ ಹಾಕಿದ್ರು. ನರ್ಸ್ ಮೊದಲು ಓದ್ಬೇಕಾಗಿರೋದು ತನ್ನನ್ನ ಅಂದ್ರು. ನಾನು ಯಾವ ಮನೆಯಿಂದ ಬಂದೆ, ಯಾವ ಜನರ ಬಗ್ಗೆ ನನಗೆ ಚಿಕ್ಕಂದಿನಿಂದ ಏನು ಹೇಳಿಕೊಟ್ಟಿದಾರೆ, ಈ ಯೂನಿಫಾರ್ಮ್ ಹಾಕಿದ ತಕ್ಷಣ ನನ್ನ ಕೈಗೆ ಎಷ್ಟು ಅಧಿಕಾರ ಬರುತ್ತೆ, ಹಾಸಿಗೆ ಮೇಲೆ ಮಲಗಿರೋರ ಕೈಯಿಂದ ಎಷ್ಟು ಹೋಗುತ್ತೆ. ಇದು ಮೊದಲ ಪಾಠ. ಎರಡನೇದು ಇನ್ನೂ ಖಡಕ್ಕಾಗಿದೆ: ಆರೈಕೆ ಸೇಫ್ ಆಗಿತ್ತಾ ಇಲ್ವಾ ಅಂತ ಹೇಳೋ ಹಕ್ಕು ಆರೈಕೆ ಪಡೆದವರದ್ದು. ಕೊಟ್ಟವರದ್ದಲ್ಲ, ಮೇಲಧಿಕಾರಿಯದ್ದಲ್ಲ, ಎನ್‌ಜಿಒ ರಿಪೋರ್ಟಿಂದೂ ಅಲ್ಲ.

ಇವತ್ತು ನಾನು ಹೇಳ್ಬೇಕಾಗಿರೋದು ಅಷ್ಟೇ, ಮಿಕ್ಕಿದ್ದೆಲ್ಲ ಇದನ್ನ ನಮ್ಮ ಪೋಡು, ಹಾಡಿ, ಕಾಲೋನಿಗಳಿಗೆ, ಅಂದ್ರೆ ಬುಡಕಟ್ಟು ಜನ ಇರೋ ಊರುಗಳಿಗೆ, ತಗೊಂಡು ಹೋದ್ರೆ ತರಬೇತಿ ಹೇಗಿರ್ಬೇಕು ಅನ್ನೋ ಲೆಕ್ಕಾಚಾರ.

ಈಗ ನಮ್ಮ ತರಬೇತಿಗಳಲ್ಲಿ ಏನು ನಡೆಯುತ್ತೆ ಅಂತ ನಿಮಗೇ ಗೊತ್ತು. "ಬುಡಕಟ್ಟು ಜನರ ಆರೋಗ್ಯ" ಅಂತ ಒಂದು ಸೆಷನ್, ಮಧ್ಯಾಹ್ನ ಊಟ ಆದ್ಮೇಲೆ. ಸ್ಲೈಡ್‌ನಲ್ಲಿ ಸೋಲಿಗರು, ಜೇನು ಕುರುಬರು, ಕೊರಗರು, ಸಿದ್ದಿಯರು ಅಂತ ಪಟ್ಟಿ, ಪಕ್ಕದಲ್ಲಿ ಒಂದೊಂದು ಫೋಟೋ, ಕೆಳಗೆ ಅವ್ರ ಹಬ್ಬ, ಅವ್ರ ದೇವ್ರು, ಅವ್ರ ಮೂಢನಂಬಿಕೆ. ಹೌದು, ಸ್ಲೈಡ್‌ನಲ್ಲಿ ಹಾಗೇ ಬರೆದಿರುತ್ತೆ, ಮೂಢನಂಬಿಕೆ ಅಂತ. ಬಿಳಿಗಿರಿ ರಂಗಯ್ಯ ಸೋಲಿಗರಿಗೆ ಭಾವ ಆಗ್ಬೇಕು, ಅವ್ರ ಮನೆ ಹುಡುಗಿ ಕುಸುಮಾಲೆನ ಮದ್ವೆ ಆದವನು ಅಂತ ಅವ್ರು ಪ್ರೀತಿಯಿಂದ ಹೇಳ್ಕೋತಾರೆ, ಆ ಕಥೆ ಹಾಡಾಗಿ ಕೇಳಿದ್ರೆ ರಾತ್ರಿಯೆಲ್ಲ ಕೂತು ಕೇಳ್ಬೇಕು ಅನ್ಸುತ್ತೆ, ದೇವ್ರನ್ನ ನೆಂಟ ಮಾಡ್ಕೊಂಡ ಜನ ಅವ್ರು. ಇದೆಲ್ಲ ತಿಳ್ಕೊಂಡ್ರೆ ಖಂಡಿತ ಒಳ್ಳೇದು. ಆದ್ರೆ ಇದನ್ನ ಬಾಯಿಪಾಠ ಮಾಡ್ಕೊಂಡ ಸಿಸ್ಟರ್ ಒಬ್ರು ಲೇಬರ್ ವಾರ್ಡಲ್ಲಿ "ಏಯ್, ಕಾಲು ಅಗಲಿಸೇ" ಅಂತ ಗದರಿದ್ರೆ ಆ ಕಥೆ ಗೊತ್ತಿದ್ದು ಏನು ಬಂತು? ಅದೇ ವಾರ್ಡಲ್ಲಿ ಪಕ್ಕದ ಬೆಡ್ಡಿನ ಟೀಚರಮ್ಮನಿಗೆ "ಸ್ವಲ್ಪ ಸಹಿಸ್ಕೊಳಿ ಮೇಡಂ" ಅಂತ ಬಹುವಚನ ಬರುತ್ತೆ. ಹಾಡಿಯಿಂದ ಬಂದ ಹೆಣ್ಮಗಳಿಗೆ ಆ ವ್ಯತ್ಯಾಸ ಕಿವಿಗೆ ಬೀಳಲ್ಲ ಅಂದ್ಕೋಬೇಡಿ.

ಇನ್ನೊಂದು ಮಗ್ಗುಲೂ ಇದೆ. ಕಾಡಂಚಿನ ಎಷ್ಟೋ ಹಿರೀಕರು ಡಾಕ್ಟ್ರನ್ನೂ ದೇವ್ರನ್ನೂ ಏಕವಚನದಲ್ಲೇ ಮಾತಾಡಿಸ್ತಾರೆ, ಅವ್ರ ಆಡುಮಾತು ಹಾಗೇ. ಅದನ್ನ ಕೇಳಿ ನಮ್ಮ ಸಿಬ್ಬಂದಿಗೆ ಸಿಟ್ಟು ಬರುತ್ತೆ, ಮರ್ಯಾದೆ ಇಲ್ಲ ಇವ್ರಿಗೆ ಅಂತ. ಅವ್ರ ಏಕವಚನದಲ್ಲಿ ಸಲಿಗೆ ಇದೆ, ನಮ್ಮ ಏಕವಚನದಲ್ಲಿ ಮೇಲು ಕೀಳು ಇದೆ. ಇದನ್ನ ಸ್ಲೈಡಲ್ಲಿ ಹೇಳಿಕೊಡೋಕೆ ಆಗಲ್ಲ, ರೋಲ್ ಪ್ಲೇ ಮಾಡಿಸ್ಬೇಕು, ಸಿಸ್ಟರನ್ನೇ ಟೇಬಲ್ ಮೇಲೆ ಮಲಗಿಸಿ, ಮೂರು ಜನ ಸುತ್ತ ನಿಂತು ಅವ್ರ ಬಗ್ಗೆ ಅವ್ರಿಗೆ ಅರ್ಥ ಆಗದ ಇಂಗ್ಲಿಷಲ್ಲಿ ಎರಡು ನಿಮಿಷ ಮಾತಾಡಿ ನೋಡಿ. ಎದ್ದ ಮೇಲೆ ಅವ್ರೇ ಹೇಳ್ತಾರೆ.

ಈಗ ಎರಡು ಸಾವುಗಳ ಬಗ್ಗೆ ಹೇಳ್ತೀನಿ, ಎರಡೂ ಕೆನಡಾದ್ದು. ಅಷ್ಟು ದುಡ್ಡಿರೋ ದೇಶದಲ್ಲಿ, ಆಸ್ಪತ್ರೆ ಒಳಗೇ ಆದ ಸಾವು, ಅದಕ್ಕೇ ಆರಿಸ್ಕೊಂಡೆ. ದುಡ್ಡು, ಮಿಷಿನ್ನು, ಬೆಡ್ಡು ಕಡಿಮೆ ಇದ್ವು ಅಂತ ಯಾರೂ ಹೇಳೋ ಹಾಗಿಲ್ಲ.

2008ರ ಸೆಪ್ಟೆಂಬರ್. ವಿನಿಪೆಗ್ ನಗರ. ಬ್ರಯಾನ್ ಸಿಂಕ್ಲೇರ್ ಅಂತ, 45 ವರ್ಷ, ಅಲ್ಲಿನ ಮೂಲ ಜನರಲ್ಲಿ ಒಬ್ರು, ಎರಡೂ ಕಾಲಿಲ್ಲ, ವೀಲ್‌ಚೇರ್. ಮೂತ್ರ ಹೋಗೋಕೆ ಹಾಕಿದ ಕೊಳವೆ, ಅಂದ್ರೆ ಕ್ಯಾಥೆಟರ್, ಕಟ್ಟಿಕೊಂಡಿತ್ತು, ಕ್ಲಿನಿಕ್ಕಿನ ಡಾಕ್ಟರ್ ಚೀಟಿ ಬರೆದು ದೊಡ್ಡಾಸ್ಪತ್ರೆ ಎಮರ್ಜೆನ್ಸಿಗೆ ಕಳಿಸಿದ್ರು. ಕ್ಯಾಥೆಟರ್ ಬದಲಾಯಿಸಿ ಆಂಟಿಬಯೋಟಿಕ್ ಕೊಟ್ಟಿದ್ರೆ ಆಗೋಗ್ತಿತ್ತು. ಅವ್ರು ವೇಟಿಂಗ್ ರೂಮಲ್ಲಿ 34 ಗಂಟೆ ಕೂತಿದ್ರು. ಮಧ್ಯದಲ್ಲಿ ವಾಂತಿ ಮಾಡ್ಕೊಂಡ್ರು, ಅಲ್ಲಿ ಕಾಯ್ತಿದ್ದ ಬೇರೆ ಜನ ಹೋಗಿ ಸಿಬ್ಬಂದಿಗೆ ಹೇಳಿದ್ರು, ನೋಡಿ ಅವ್ರನ್ನ ಅಂತ. ಕೊನೆಗೆ ಯಾರೋ ಹತ್ರ ಹೋಗಿ ನೋಡಿದಾಗ ಮೈ ಸೆಟೆದು ಹೋಗಿತ್ತು, ಜೀವ ಹೋಗಿ ಗಂಟೆಗಳೇ ಆಗಿತ್ತು. ಆಮೇಲೆ ವಿಚಾರಣೇಲಿ ಸಿಬ್ಬಂದಿ ಹೇಳಿದ್ದೇನು ಗೊತ್ತಾ, ಒಬ್ರು ಕುಡಿದು ಮಲಗಿದಾರೆ ಅಂದ್ಕೊಂಡಿದ್ರು, ಇನ್ನೊಬ್ರು ಚಳಿಗೆ ಒಳಗೆ ಬಂದು ಕೂತಿರೋ ಮನೆಯಿಲ್ಲದವರು ಅಂದ್ಕೊಂಡಿದ್ರು, ಮತ್ತೊಬ್ರು ಇವ್ರದ್ದು ಚಿಕಿತ್ಸೆ ಆಗಿದೆ, ಕರ್ಕೊಂಡು ಹೋಗೋರಿಗೆ ಕಾಯ್ತಿದಾರೆ ಅಂದ್ಕೊಂಡಿದ್ರು. ಎಲ್ರೂ ಅಂದ್ಕೊಂಡಿದ್ರು. ಒಬ್ರೂ ಕೇಳಲಿಲ್ಲ.

ಎರಡನೇದು 2020ರ ಸೆಪ್ಟೆಂಬರ್ 28, ಕ್ವಿಬೆಕ್ ಪ್ರಾಂತ್ಯದ ಜೋಲಿಯೆಟ್ ಆಸ್ಪತ್ರೆ. ಜಾಯ್ಸ್ ಎಶಾಕ್ವಾನ್, ಅತಿಕಮೆಕ್ ಸಮುದಾಯದವರು, 37 ವರ್ಷ, ಏಳು ಮಕ್ಕಳ ತಾಯಿ. ಹೊಟ್ಟೆನೋವು ಅಂತ ಸೇರಿದ್ರು. ನೋವು ತಡೀಲಾರದೆ ಕಿರುಚ್ತಾ ಇದ್ದಾಗ ಸಿಬ್ಬಂದಿ ಅವ್ರನ್ನ ಹೀಯಾಳಿಸಿದ್ದು ಅವ್ರದೇ ಫೋನಿನ ಫೇಸ್‌ಬುಕ್ ಲೈವಲ್ಲಿ ರೆಕಾರ್ಡ್ ಆಯ್ತು, ಅವತ್ತೇ ತೀರಿಕೊಂಡ್ರು. ಈಕೆ ಮಾದಕ ವಸ್ತು ಚಟದವಳು, ಅದು ಸಿಗದೆ ಹೀಗಾಡ್ತಿದಾಳೆ ಅಂತ ಅಂದ್ಕೊಂಡು ಚಿಕಿತ್ಸೆ ದಾರಿ ತಪ್ಪಿತು. ಜನಾಂಗದ ಬಗೆಗಿನ ಪೂರ್ವಗ್ರಹ ಈ ಸಾವಿಗೆ ಕಾರಣಗಳಲ್ಲಿ ಒಂದು ಅಂತ ಸಾವಿನ ವಿಚಾರಣೆ ಮಾಡೋ ಅಧಿಕಾರಿ, ಅಂದ್ರೆ ಕೊರೋನರ್, 2021ರ ವರದೀಲಿ ನೇರವಾಗಿ ಬರೆದ್ರು. ಆಮೇಲೆ ಆರೋಗ್ಯ ಸಿಬ್ಬಂದಿಗೆ ಆನ್‌ಲೈನ್ ತರಬೇತಿ ಕಡ್ಡಾಯ ಮಾಡಿದ್ರು, ಅದನ್ನ ನೋಡಿ ಮೂಲ ಜನರ ಮುಖಂಡರೇ ಇದು ಸಾಲಲ್ಲ, ನಮ್ಮನ್ನ ಕೇಳಿ ಮಾಡಿಲ್ಲ ಅಂದ್ರು. ವಿಡಿಯೋ ನೋಡಿ ಕ್ಲಿಕ್ ಮಾಡಿ ಸರ್ಟಿಫಿಕೇಟ್ ತಗೊಳೋ ತರಬೇತಿಗಳು ನಮಗೂ ಚೆನ್ನಾಗಿ ಗೊತ್ತು.

ನಮ್ಮಲ್ಲಿ ಇಂಥದ್ದು ಇಲ್ಲಪ್ಪ, ನಾವು ಆ ಥರ ಜನಾಂಗ ಭೇದ ಮಾಡಲ್ಲ ಅಂತ ಸಭೆಗಳಲ್ಲಿ ಯಾರಾದ್ರೂ ಹೇಳೇ ಹೇಳ್ತಾರೆ. ನಮ್ಮಲ್ಲಿ ಅದು ಬೇರೆ ಹೆಸರಲ್ಲಿ ಇದೆ. ರಿಜಿಸ್ಟರ್ ತೆಗೆದು ನೋಡಿ. "ಕರೆದರೂ ಬರುವುದಿಲ್ಲ." "ಸಹಕರಿಸುವುದಿಲ್ಲ." "ಮಾತ್ರೆ ಕೊಟ್ಟರೂ ಎಸೆಯುತ್ತಾರೆ." "ಲಾಮಾ", ಅಂದ್ರೆ ವೈದ್ಯರ ಸಲಹೆ ಮೀರಿ ಎದ್ದು ಹೋದ್ರು. ಈ ಒಂದು ಸಾಲು ಬರೆದ ತಕ್ಷಣ ನಮ್ಮ ಜವಾಬ್ದಾರಿ ಮುಗೀತು. ನನ್ನ ತರಬೇತೀಲಿ ನಾನು ಮಾಡಿಸೋ ಮೊದಲ ಕೆಲಸ ಇದೇ, ಆ ಸಾಲು ತಗೊಂಡು, ಪ್ರತಿಯೊಬ್ರೂ ಅದರ ಹಿಂದೆ ಇರಬಹುದಾದ ಕಾರಣ ಬರೀಬೇಕು, ಸೋಂಬೇರಿತನ, ಮೂಢನಂಬಿಕೆ, ಕುಡಿತ, ಈ ಮೂರು ಬರೆಯೋ ಹಾಗಿಲ್ಲ ಅಂತ ಕಟ್ಟುಪಾಡು. ಮೊದಲ ಹತ್ತು ನಿಮಿಷ ಪೆನ್ನೇ ಓಡಲ್ಲ. ಆಮೇಲೆ ಯಾರೋ ಒಬ್ರು ಶುರು ಮಾಡ್ತಾರೆ. ಕಾಫಿ ಕೊಯ್ಲು ನಡೀತಿದೆ, ಇಡೀ ಮನೆ ಕೊಡಗಿನ ತೋಟದ ಲೈನ್ ಮನೇಲಿದೆ, ಒಂದು ದಿನ ಬಿಟ್ರೆ ಕೂಲಿ ಹೋಗುತ್ತೆ. ಜೇನಿನ ಕಾಲ, ಗಂಡಸ್ರು ಕಾಡೊಳಗೆ. ಸಂಜೆ ಆದ್ರೆ ದಾರೀಲಿ ಆನೆ. ಆಸ್ಪತ್ರೇಲಿ ಅಡ್ಮಿಟ್ ಆದ್ರೆ ಜೊತೆಗೆ ಬಂದ ಅತ್ತೆ ಎಲ್ಲಿ ಮಲಗ್ಬೇಕು, ಏನು ತಿನ್ಬೇಕು. ಹೋದ ಸಲ ಬಂದಾಗ ಆಧಾರ್ ಇಲ್ಲ ಅಂತ ವಾಪಸ್ ಕಳಿಸಿದ್ರು. ಹೋದ ಸಲ ಬಂದಾಗ ಬೈದ್ರು. ಹೋದ ಸಲ ಬಂದ ತಂಗಿ ವಾಪಸ್ ಬರಲಿಲ್ಲ. ಹೀಗೆ ಬೋರ್ಡ್ ತುಂಬುತ್ತೆ, ಮತ್ತೆ ನೋಡಿ, ಇದೆಲ್ಲ ಅವ್ರಿಗೆ ಮೊದಲೇ ಗೊತ್ತಿತ್ತು, ಆಶಾ ಕಾರ್ಯಕರ್ತೆಯರಿಗಂತೂ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು, ರಿಜಿಸ್ಟರಲ್ಲಿ ಇದಕ್ಕೆ ಕಾಲಂ ಇರಲಿಲ್ಲ ಅಷ್ಟೇ.

ಚರಿತ್ರೇನೂ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಭಯಕ್ಕೆ ಚರಿತ್ರೆ ಇರುತ್ತೆ. ದಕ್ಷಿಣ ಕನ್ನಡ, ಉಡುಪಿ ಕಡೆಯವರು ಇಲ್ಲಿದ್ರೆ ನಿಮಗೆ ಗೊತ್ತು, ಕೊರಗರ ಮೇಲೆ ಅಜಲು ಅಂತ ಒಂದು ಪದ್ಧತಿ ಇತ್ತು. ಬೇರೆಯವರ ಕೂದಲು, ಉಗುರು ಸೇರಿಸಿದ ಊಟವನ್ನ ಕೊರಗರಿಗೆ ತಿನ್ನಿಸೋದು ಅದರಲ್ಲಿ ಒಂದು, ಮೇಲ್ಜಾತಿ ಮನೆಯವರ ಕೇಡು ಇವ್ರ ಮೈಗೆ ದಾಟ್ಲಿ ಅಂತ. ಇದನ್ನ ನಿಷೇಧಿಸಿ ಕಾನೂನು ಬಂದಿದ್ದು 2000ದಲ್ಲಿ. ಬ್ರಿಟಿಷರ ಕಾಲದ ಮಾತಲ್ಲ ಇದು, ಈ ಸಭೇಲಿ ಇರೋ ಎಲ್ರ ಜೀವಮಾನದ ಮಾತು. ಹೊರಗಿನವರು ತಂದು "ತಿನ್ನು, ಒಳ್ಳೇದು" ಅಂತ ಕೊಟ್ಟಿದ್ದನ್ನ ಒಂದು ಇಡೀ ಸಮುದಾಯ ಅನುಮಾನದಿಂದ ನೋಡಿದ್ರೆ ಅದನ್ನ ಅಜ್ಞಾನ ಅನ್ನೋಕೆ ನಮಗೆ ಬಾಯಿ ಬರ್ಬಾರದು. ಇನ್ನು ನಾಗರಹೊಳೆ ಕಡೆ ಬಂದ್ರೆ ಎಪ್ಪತ್ತರ ದಶಕದಿಂದ ಜೇನು ಕುರುಬರನ್ನ ಕಾಡಿಂದ ಹೊರಗೆ ಹಾಕಿದ್ದು ಖಾಕಿ ಬಟ್ಟೆ, ಸರ್ಕಾರಿ ಜೀಪು, ಕೈಯಲ್ಲಿ ಪಟ್ಟಿ ಹಿಡ್ಕೊಂಡು ಬಂದವರು. ನಾವೂ ಜೀಪಲ್ಲಿ ಹೋಗ್ತೀವಿ, ಕೈಯಲ್ಲಿ ಪಟ್ಟಿ ಹಿಡ್ಕೊಂಡಿರ್ತೀವಿ, ಮನೇಲಿ ಎಷ್ಟು ಜನ ಅಂತ ಕೇಳ್ತೀವಿ. ಜನ ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ರೆ ಅದು ನಮ್ಮ ಮೇಲಿನ ಕೋಪ ಅಲ್ಲ ಅಂತ ಹೊಸ ಸಿಬ್ಬಂದಿಗೆ ಯಾರಾದ್ರೂ ಮೊದಲೇ ಹೇಳಿರ್ಬೇಕು.

ಹೆರಿಗೆ ವಿಷಯಕ್ಕೆ ಬರ್ತೀನಿ, ಇದರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡ್ಬೇಕು ಅಂತ ಇದೆ.

ಕೆನಡಾದ ಉತ್ತರ ಭಾಗದಲ್ಲಿ, ಹಡ್ಸನ್ ಕೊಲ್ಲಿ ದಡದಲ್ಲಿ, ಪುವಿರ್ನಿಟುಕ್ ಅಂತ ಒಂದು ಊರು, ಇನುಯಿಟ್ ಅನ್ನೋ ಮೂಲ ಜನರದ್ದು. ಒಂದು ಕಾಲದಲ್ಲಿ ಆ ಕರಾವಳಿ ಊರುಗಳ ಬಸುರಿಯರನ್ನ ಹೆರಿಗೆಗೆ ವಾರಗಟ್ಟಲೆ ಮುಂಚೆನೇ ವಿಮಾನದಲ್ಲಿ ದಕ್ಷಿಣದ ಆಸ್ಪತ್ರೆಗಳಿಗೆ ಕಳಿಸ್ತಿದ್ರು, ಸಾವಿರ ಕಿಲೋಮೀಟರ್‌ಗಿಂತ ಜಾಸ್ತಿ ದೂರದ ಮಾಂಟ್ರಿಯಲ್ ತನಕ. ಒಬ್ರೇ, ಭಾಷೆ ಬರಲ್ಲ, ಜೊತೆಗೆ ತಾಯಿಲ್ಲ, ಗಂಡ ಇಲ್ಲ, ಮನೇಲಿ ದೊಡ್ಡ ಮಕ್ಕಳನ್ನ ಬಿಟ್ಟು. ವೈದ್ಯಕೀಯವಾಗಿ ನೋಡಿದ್ರೆ ಸೇಫ್, ಅಲ್ವಾ? ಅಲ್ಲಿನ ಹೆಂಗಸ್ರು ಇದು ನಮಗೆ ಬೇಡ ಅಂತ ಪಟ್ಟು ಹಿಡಿದ್ರು. 1986ರಲ್ಲಿ ಊರಲ್ಲೇ ಹೆರಿಗೆ ಕೇಂದ್ರ ಶುರು ಆಯ್ತು. ಅದರಲ್ಲಿ ನನಗೆ ತುಂಬಾ ಇಷ್ಟ ಆಗೋ ಭಾಗ ಯಾವುದಂದ್ರೆ, ಇನುಯಿಟ್ ಹೆಣ್ಮಕ್ಕಳನ್ನೇ ಆರಿಸಿ, ಊರಲ್ಲೇ ಇಟ್ಕೊಂಡು, ಕೆಲಸ ಮಾಡ್ತಾ ಮಾಡ್ತಾ ಸೂಲಗಿತ್ತಿ ವಿದ್ಯೆ ಕಲಿಸಿದ್ರು, ಅವ್ರ ಅಜ್ಜಿಯರಿಗೆ ಗೊತ್ತಿದ್ದ ವಿದ್ಯೇನೂ ಆಧುನಿಕ ಮಿಡ್‌ವೈಫರಿನೂ ಎರಡೂ. ಅಲ್ಲಿ ಸಿಸೇರಿಯನ್ ಸೌಲಭ್ಯ ಇಲ್ಲ. ಹಾಗಂತ ಕಣ್ಣು ಮುಚ್ಕೊಂಡು ಎಲ್ರಿಗೂ ಊರಲ್ಲೇ ಹೆರಿಗೆ ಮಾಡಿಸಲ್ಲ, ತಿಂಗಳು ತುಂಬೋ ಮುಂಚೆನೇ ಸೂಲಗಿತ್ತಿಯರು, ನರ್ಸ್, ಡಾಕ್ಟರ್ ಎಲ್ಲಾ ಒಟ್ಟಿಗೆ ಕೂತು ಪ್ರತಿಯೊಬ್ಬ ಬಸುರಿಯ ಕೇಸ್ ನೋಡ್ತಾರೆ, ಯಾರನ್ನ ದಕ್ಷಿಣಕ್ಕೆ ಕಳಿಸ್ಬೇಕು ಅಂತ ತೀರ್ಮಾನ ಮಾಡ್ತಾರೆ. ಆಮೇಲೆ ಇನುಕ್ಜುಯಾಕ್, ಸಲ್ಲುಯಿಟ್ ಊರುಗಳಲ್ಲೂ ಇಂಥ ಕೇಂದ್ರ ಆದ್ವು. ಇವತ್ತು ಆ ಕರಾವಳಿಯ ಬಹುಪಾಲು ಮಕ್ಕಳು ಅವ್ರವ್ರ ನೆಲದಲ್ಲೇ, ಅವ್ರ ಭಾಷೆ ಆಡೋ ಕೈಗಳಲ್ಲಿ ಹುಟ್ತಿದಾರೆ.

ನಮ್ಮಲ್ಲಿ ಆಸ್ಪತ್ರೆ ಹೆರಿಗೆ ಬೇಡ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ತಿಳ್ಕೋಬೇಡಿ. ರಕ್ತಸ್ರಾವ ಆದ್ರೆ ಕಾಡಲ್ಲಿ ಏನೂ ಮಾಡೋಕಾಗಲ್ಲ, ಅದರಲ್ಲಿ ಎರಡು ಮಾತಿಲ್ಲ. ನನ್ನ ಪ್ರಶ್ನೆ ಆಸ್ಪತ್ರೆ ಬಾಗಿಲಿನ ಒಳಗಡೆಯದ್ದು. ಕುಕ್ಕರಗಾಲಲ್ಲಿ ಕೂತು ಹೆರೋದು ಸೋಲಿಗರ ಹೆಣ್ಮಕ್ಕಳಿಗೆ ತಲೆತಲಾಂತರದಿಂದ ಗೊತ್ತಿರೋ ಭಂಗಿ, ಬಿಳಿಗಿರಿ ಬೆಟ್ಟದಲ್ಲಿ ಕೆಲಸ ಮಾಡಿದ ಡಾ. ಸುದರ್ಶನ್ ಅವ್ರಂಥವರು ಇದನ್ನ ಅವ್ರಿಂದ ನಾವು ಕಲೀಬೇಕಾದ್ದು ಅಂತಾನೇ ಹೇಳ್ತಾ ಬಂದಿದಾರೆ. ನಾವು ಅವ್ರನ್ನ ಟೇಬಲ್ ಮೇಲೆ ಅಂಗಾತ ಮಲಗಿಸ್ತೀವಿ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ, ಹೆರೋವಾಗ ಯಾವ ಭಂಗಿ ಅನ್ನೋದು ಹೆರೋಳ ಆಯ್ಕೆ ಅಂತ. ಜೊತೆಗೆ ಒಬ್ಬ ಹೆಂಗಸು ಇರ್ಬಹುದು ಅಂತ 2016ರಲ್ಲೇ ನಮ್ಮ ಕೇಂದ್ರ ಸರ್ಕಾರದ ಮಾರ್ಗಸೂಚಿ ಬಂದಿದೆ. ಅಂದ್ರೆ ಹಾಡಿಯ ಹೆಂಗಸು ಕೇಳ್ತಿರೋದೆಲ್ಲ ಈಗ ನಮ್ಮ ರೂಲ್ ಬುಕ್ಕಲ್ಲೇ ಇದೆ! ಅವ್ಳಿಗೆ ಅದು ಸಿಗ್ತಿಲ್ಲ ಅಂದ್ರೆ ಅಡ್ಡ ಇರೋದು ಅವಳ ಸಂಸ್ಕೃತಿ ಅಲ್ಲ, ನಮ್ಮ ವಾರ್ಡಿನ ಅಭ್ಯಾಸ. ಲೇಬರ್ ರೂಮ್ ತರಬೇತಿ ಮಾಡೋವಾಗ ಕುಕ್ಕರಗಾಲಿನ ಹೆರಿಗೆ ಮಾಡಿಸೋದನ್ನ ಮ್ಯಾನಿಕಿನ್, ಅಂದ್ರೆ ತರಬೇತಿ ಗೊಂಬೆ, ಮೇಲೆ ಪ್ರಾಕ್ಟೀಸ್ ಮಾಡಿಸಿ, ಎಷ್ಟೋ ಸಿಸ್ಟರ್‌ಗಳಿಗೆ ಅದು ಬರಲ್ಲ ಅನ್ನೋದೇ ಅವ್ರ ಹಿಂಜರಿಕೆಗೆ ಕಾರಣ, ಮನಸ್ಸಿಲ್ಲ ಅಂತಲ್ಲ.

ರಕ್ತದ ವಿಷಯ. ಸಿಕಲ್ ಸೆಲ್ ಅಂದ್ರೆ ತಂದೆ ತಾಯಿಯಿಂದ ಮಕ್ಕಳಿಗೆ ಬರೋ ಒಂದು ರಕ್ತದ ಕಾಯಿಲೆ, 2023ರ ಜುಲೈ 1ಕ್ಕೆ ಅದರ ನಿರ್ಮೂಲನಾ ಮಿಷನ್ ಶುರು ಆಯ್ತು, 40 ವರ್ಷದ ಒಳಗಿನ 7 ಕೋಟಿ ಜನರ ಸ್ಕ್ರೀನಿಂಗ್ ಗುರಿ. ನಮ್ಮ ಚಾಮರಾಜನಗರ, ಮೈಸೂರು, ಕೊಡಗಿನ ಹಾಡಿಗಳಿಗೆ ಇದು ನಿಜವಾಗ್ಲೂ ಬೇಕಾಗಿರೋ ಕಾರ್ಯಕ್ರಮ, ಬಿಳಿಗಿರಿ ಬೆಟ್ಟದ ಸೋಲಿಗರಲ್ಲಿ ಈ ಕಾಯಿಲೆ ಇದೆ ಅಂತ ಎಂಬತ್ತರ ದಶಕದಲ್ಲೇ ಗೊತ್ತಾಗಿತ್ತು. ಆದ್ರೆ ಟಾರ್ಗೆಟ್ ಬಂದ ತಕ್ಷಣ ಏನಾಗುತ್ತೆ, ಬೆರಳು ಹಿಡಿ, ಚುಚ್ಚು, ಮುಂದಿನವರು. ಯಾಕೆ ಚುಚ್ತಿದೀವಿ, ರಿಸಲ್ಟ್ ಯಾವಾಗ ಬರುತ್ತೆ, ಯಾರಿಗೆ ಹೇಳ್ತೀವಿ, ಯಾರಿಗೆ ಹೇಳಲ್ಲ, ಇದನ್ನ ಹೇಳೋಕೆ ಟೈಮ್ ಇಲ್ಲ. ಅಮೆರಿಕದ ಅರಿಜೋನದಲ್ಲಿ ಹವಾಸುಪಾಯಿ ಅಂತ ಸಣ್ಣ ಸಮುದಾಯ ಇದೆ, ಗ್ರ್ಯಾಂಡ್ ಕ್ಯಾನ್ಯನ್ ಕಣಿವೆ ಒಳಗೆ ಇರೋರು. ಸಕ್ಕರೆ ಕಾಯಿಲೆ ಯಾಕೆ ಇಷ್ಟು ಜಾಸ್ತಿ ನೋಡ್ತೀವಿ ಅಂತ 1990ರಿಂದ ಯೂನಿವರ್ಸಿಟಿಯವರು ಅವ್ರ ರಕ್ತ ತಗೊಂಡ್ರು. ಆಮೇಲೆ ಅದೇ ರಕ್ತದ ಮೇಲೆ ಇವ್ರನ್ನ ಕೇಳದೆ ಬೇರೆ ಸಂಶೋಧನೆಗಳೂ ನಡೆದ್ವು, ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ ಬಗ್ಗೆ, ಇವ್ರ ಪೂರ್ವಜರು ಎಲ್ಲಿಂದ ಬಂದವರು ಅನ್ನೋದರ ಬಗ್ಗೆ. ಗೊತ್ತಾದ ಮೇಲೆ ಅವ್ರು ಕೋರ್ಟಿಗೆ ಹೋದ್ರು, 2010ರಲ್ಲಿ ರಾಜಿ ಆಯ್ತು, ಪರಿಹಾರ ಕೊಟ್ಟು, ಉಳಿದ ರಕ್ತದ ಸ್ಯಾಂಪಲ್‌ಗಳನ್ನ ವಾಪಸ್ ಕೊಟ್ರು. ಪೋಡಿನ ಒಬ್ಬ ಅಜ್ಜ "ಈ ರಕ್ತ ತಗೊಂಡು ಏನ್ ಮಾಡ್ತೀರಿ" ಅಂತ ಕೇಳಿದ್ರೆ ಆ ಪ್ರಶ್ನೆಗೆ ಮರ್ಯಾದೆಯಿಂದ ಪೂರ್ತಿ ಉತ್ತರ ಕೊಡೋದು ನಮ್ಮ ಕೆಲಸದ ಭಾಗ, ಕೆಲಸಕ್ಕೆ ಅಡ್ಡಿ ಅಲ್ಲ.

ಸಿಕಲ್ ಸೆಲ್ ನೋವು ಬಂದಾಗ ಹೊರಗಡೆ ಏನೂ ಕಾಣಲ್ಲ. ಗಾಯ ಇಲ್ಲ, ಊತ ಇಲ್ಲದೇನೂ ಇರ್ಬಹುದು, ಆದ್ರೆ ಮೂಳೆ ಒಳಗೆ ಕಿತ್ತು ಬರೋಂಥ ನೋವು. ನಾಟಕ ಮಾಡ್ತಿದಾನೆ ಅಂತ ಅಂದ್ಕೊಂಡ್ರೆ ಜಾಯ್ಸ್ ಎಶಾಕ್ವಾನ್ ಅವ್ರಿಗೆ ಆಗಿದ್ದೇ ಇಲ್ಲೂ ಆಗುತ್ತೆ. ನೋವು ಎಷ್ಟಿದೆ ಅನ್ನೋದಕ್ಕೆ ಅನುಭವಿಸ್ತಿರೋರ ಮಾತೇ ಪ್ರಮಾಣ ಅಂತ ಎಮರ್ಜೆನ್ಸೀಲಿ ಕೂರೋ ಪ್ರತಿಯೊಬ್ರಿಗೂ ಕಲಿಸ್ಬೇಕು. ಇನ್ನು ರಿಸಲ್ಟ್ ಕಾರ್ಡು. ಎಲ್ರ ಮುಂದೆ ಹೆಸರು ಕೂಗಿ ಕಾರ್ಡ್ ಹಂಚಿದ್ರೆ ಸಂಜೆ ಒಳಗೆ ಯಾವ ಹುಡುಗಿಗೆ "ಅದು ಇದೆ" ಅಂತ ಹಾಡಿಗೆಲ್ಲ ಗೊತ್ತು, ಮದ್ವೆ ಮಾತು ನಿಲ್ಲುತ್ತೆ. ವಾಹಕರಿಗೆ, ಅಂದ್ರೆ ಆ ಗುಣವನ್ನ ಮೈಯಲ್ಲಿ ಹೊತ್ತಿರೋರಿಗೆ, ಕಾಯಿಲೆ ಇಲ್ಲ, ವಾಹಕರಿಬ್ರು ಮದ್ವೆ ಆದ್ರೆ ಪ್ರತಿ ಬಸಿರಲ್ಲೂ ಮಗೂಗೆ ಕಾಯಿಲೆ ಬರೋ ಸಾಧ್ಯತೆ ನಾಲ್ಕರಲ್ಲಿ ಒಂದು ಪಾಲು ಅನ್ನೋದನ್ನ ಒಬ್ಬೊಬ್ರನ್ನೇ ಕೂರಿಸಿ ಹೇಳ್ಬೇಕು, ಅವ್ರ ಆಡುಮಾತು ಬಲ್ಲವರು ಹೇಳ್ಬೇಕು. ಶಾಲೆಗೆ ಹೋಗೋ ಮಗೂನ ಕರೆದು "ನಿಮ್ಮಮ್ಮನಿಗೆ ಹೇಳು" ಅನ್ನೋದು ಬೇಡವೇ ಬೇಡ. ಹತ್ತು ವರ್ಷದ ಹುಡುಗಿ ತಾಯಿಯ ಮುಟ್ಟಿನ ಬಗ್ಗೆ, ಗರ್ಭದ ಬಗ್ಗೆ ಡಾಕ್ಟ್ರಿಗೂ ತಾಯಿಗೂ ಮಧ್ಯೆ ನಿಂತು ಮಾತು ದಾಟಿಸೋದು ಎಷ್ಟು ಕಷ್ಟ ಅಂತ ಯೋಚ್ನೆ ಮಾಡಿ.

ಹಾಗಾದ್ರೆ ಯಾರು ಕಲಿಸ್ಬೇಕು? ಇಲ್ಲೇ ನಮ್ಮ ದೇಶದಲ್ಲೇ ಮಾಡಿ ತೋರಿಸಿದವರಿದಾರೆ. ಮಹಾರಾಷ್ಟ್ರದ ಗಡ್ಚಿರೋಲೀಲಿ ಡಾಕ್ಟರ್‌ಗಳಾದ ರಾಣಿ ಬಂಗ್, ಅಭಯ್ ಬಂಗ್ ದಂಪತಿ 1986ರಲ್ಲಿ ಸರ್ಚ್ ಸಂಸ್ಥೆ ಶುರು ಮಾಡಿದ್ರು. ಆಸ್ಪತ್ರೆ ಹೇಗಿರ್ಬೇಕು ಅಂತ ಅಲ್ಲಿನ ಆದಿವಾಸಿಗಳಾದ ಗೊಂಡರನ್ನೇ ಕೇಳಿ, ಅವ್ರ ಹಳ್ಳಿ ಮನೆಗಳ ಥರಾನೇ ಕಟ್ಟಿ, ಅವ್ರ ದೇವತೆ ದಂತೇಶ್ವರಿ ಹೆಸರಿಟ್ರು, ಜೊತೆಗೆ ಬಂದ ಬಂಧುಗಳು ಉಳಿಯೋಕೆ ಜಾಗ ಮಾಡಿದ್ರು. ಅಲ್ಲಿನ ಹಳ್ಳಿ ಹೆಂಗಸರಿಗೆ ನವಜಾತ ಶಿಶು ಆರೈಕೆ ಕಲಿಸಿ 39 ಹಳ್ಳಿಗಳಲ್ಲಿ ಕೆಲಸ ಮಾಡಿದಾಗ ಮೂರನೇ ವರ್ಷಕ್ಕೆ ನವಜಾತ ಶಿಶುಗಳ ಸಾವು 62 ಶೇಕಡಾ ಇಳೀತು, 1999ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂತು. ನಮ್ಮ ಆಶಾಗಳು ಇವತ್ತು ಬಾಣಂತಿ ಮನೆಗೆ 3, 7, 14, 21, 28, 42ನೇ ದಿನ ಹೋಗ್ತಾರಲ್ಲ, ಆ ಕಾರ್ಯಕ್ರಮದ ಬೇರು ಅಲ್ಲಿದೆ. ಇತ್ತ ಗುಡಲೂರಲ್ಲಿ, ನಮ್ಮ ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿದ್ರೆ ಸಿಗುತ್ತೆ, ಅಶ್ವಿನಿ ಅನ್ನೋ ಸಂಸ್ಥೆ 1990ರಿಂದ ಆದಿವಾಸಿ ಆಸ್ಪತ್ರೆ ನಡೆಸ್ತಿದೆ, ಪಣಿಯ, ಬೆಟ್ಟಕುರುಂಬ, ಕಾಟುನಾಯಕನ್ ಇಂಥ ಸಮುದಾಯಗಳ ಹೆಣ್ಮಕ್ಕಳನ್ನೇ ನರ್ಸ್ ಕೆಲಸಕ್ಕೆ ತಯಾರು ಮಾಡಿದ್ರು. ಬಾಗಿಲಲ್ಲಿ ನಿಂತು ಮಾತಾಡಿಸೋರು ತಮ್ಮವರೇ ಅಂದಾಗ ಒಳಗೆ ಬರೋ ಕಾಲು ಹಿಂದೇಟು ಹಾಕಲ್ಲ. ಬಿಳಿಗಿರಿ ಬೆಟ್ಟದಲ್ಲಿ 1981ರಲ್ಲಿ ಶುರುವಾದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ದಾರೀನೂ ಇದೇ, ಗಿರಿಜನ ಹುಡುಗೀರನ್ನ ಎಎನ್‌ಎಂ, ಅಂದ್ರೆ ಹಳ್ಳಿಗಳಲ್ಲಿ ಕೆಲಸ ಮಾಡೋ ನರ್ಸ್, ಮಾಡೋದು.

ಆದ್ರೆ ಒಂದು ಎಚ್ಚರಿಕೆ. ಸಮುದಾಯದ ಒಬ್ಬ ಹುಡುಗೀನ ಕೆಲಸಕ್ಕೆ ತಗೊಂಡು, ಇನ್ಮೇಲೆ ಹಾಡಿಗೆ ಸಂಬಂಧಪಟ್ಟಿದ್ದೆಲ್ಲ ಅವಳ ತಲೆ ಮೇಲೆ ಹಾಕಿ ಮಿಕ್ಕವರು ಆರಾಮಾಗಿ ಇರೋದಲ್ಲ. ಸ್ಟಾಫ್ ರೂಮಲ್ಲಿ ಅವಳ ಮುಂದೆನೇ ಅವ್ರ ಜನರ ಬಗ್ಗೆ ಹಗುರವಾಗಿ ಮಾತಾಡಿದ್ರೆ ಅವಳು ಎಷ್ಟು ದಿನ ಉಳೀತಾಳೆ? ತರಬೇತಿ ಬೇಕಾಗಿರೋದು ಅವಳಿಗಿಂತ ಅವಳ ಸಹೋದ್ಯೋಗಿಗಳಿಗೆ, ಮೆಡಿಕಲ್ ಆಫೀಸರ್‌ಗೆ, ಫಾರ್ಮಸಿ ಕಿಟಕೀಲಿ ಕೂರೋರಿಗೆ, ಸೆಕ್ಯೂರಿಟಿಗೆ, ಆಂಬುಲೆನ್ಸ್ ಡ್ರೈವರಿಗೆ.

ಹಾಗೇ ಹಾಡಿಯ ಹಿರಿಯರನ್ನ ತರಬೇತಿಗೆ ಕರೆದ್ರೆ ಅವ್ರನ್ನ ಹಾಡು ಹೇಳೋಕೆ, ಕುಣಿಯೋಕೆ ಕರೀಬೇಡಿ. ಪಾಠ ಹೇಳೋಕೆ ಕರೀರಿ, ವೈದ್ಯಾಧಿಕಾರಿಗೆ ಕೊಡೋ ಗೌರವಧನಾನೇ ಅವ್ರಿಗೂ ಕೊಡಿ, ಅದೇ ಸಾಲಲ್ಲಿ ಕುರ್ಚಿ ಹಾಕಿ. ಸಾಧ್ಯ ಆದ್ರೆ ತರಬೇತೀನೇ ಹಾಡೀಲಿ ಇಡಿ, ಸಿಬ್ಬಂದಿ ಅವ್ರ ಅಂಗಳದಲ್ಲಿ ಕೂರ್ಲಿ, ಅವ್ರು ನಡೆಯೋ ದಾರೀಲಿ ಅವ್ರ ಥರಾನೇ ನಡ್ಕೊಂಡು ಪಿಎಚ್‌ಸಿಗೆ ಬರ್ಲಿ.

ನಾಟಿ ವೈದ್ಯರ ಬಗ್ಗೆ ಪ್ರತಿ ಸಲ ಪ್ರಶ್ನೆ ಬರುತ್ತೆ, ಹಾವು ಕಚ್ಚಿದಾಗ ಮೊದಲು ಅಲ್ಲಿಗೆ ಹೋಗ್ತಾರೆ ಏನ್ ಮಾಡೋದು ಅಂತ. ವಿಷದ ಹಾವು ಕಚ್ಚಿದ್ರೆ ಆಂಟಿವೆನಮ್ ಬಿಟ್ಟು ಬೇರೆ ಮದ್ದಿಲ್ಲ, ತಡ ಆದಷ್ಟೂ ಅಪಾಯ, ಇದನ್ನ ಮೆತ್ತಗೆ ಮಾಡಿ ಹೇಳೋದು ಬೇಡ. ಆದ್ರೆ ಅದನ್ನ ಆ ವೈದ್ಯರ ಜೊತೆ ಮುಂಚೇನೇ ಕೂತು ಮಾತಾಡಿರ್ಬೇಕು, ಹಾವು ಕಚ್ಚಿದ ರಾತ್ರಿ ಅಲ್ಲ. ಅವ್ರ ಫೋನ್ ನಂಬರ್ ನಮ್ಮತ್ರ, ನಮ್ಮದು ಅವ್ರತ್ರ. ಅವ್ರು "ನೀವು ಆಸ್ಪತ್ರೆಗೆ ಹೋಗಿ, ನಾನೂ ಜೊತೆಗೆ ಬರ್ತೀನಿ" ಅಂದ್ರೆ ಅದಕ್ಕಿಂತ ದೊಡ್ಡ ರೆಫರಲ್ ಇಲ್ಲ, ಆಗ ಎಮರ್ಜೆನ್ಸೀಲಿ ಅವ್ರನ್ನ ಹೊರಗೆ ನಿಲ್ಲಿಸ್ಬೇಡಿ.

ಆಶಾಗಳ ಬಗ್ಗೆ ಹೇಳದೆ ಮುಗ್ಸೋಕಾಗಲ್ಲ. 2025ರ ಜನವರಿ ಚಳೀಲಿ ಬೆಂಗಳೂರಿನ ಫ್ರೀಡಂ ಪಾರ್ಕಲ್ಲಿ ಹಗಲೂ ರಾತ್ರಿ ಕೂತಿದ್ರು, ನ್ಯಾಯವಾದ ಗೌರವಧನ ಕೊಡಿ ಅಂತ. ಮೇಲಿನವರು ಇವ್ರನ್ನ ಗದರೋದು, ಆ್ಯಪ್‌ನಲ್ಲಿ ಎಂಟ್ರಿ ಆಗಿಲ್ಲ ಅಂತ ಮೀಟಿಂಗಲ್ಲಿ ನಿಲ್ಲಿಸಿ ಬೈಯೋದು, ನೆಟ್‌ವರ್ಕೇ ಇಲ್ಲದ ಹಾಡಿಗೆ ಹೋಗಿ ಫೋಟೋ ಅಪ್‌ಲೋಡ್ ಮಾಡು ಅನ್ನೋದು. ಹೀಗೆ ನಡೆಸ್ಕೊಂಡು ನಾಳೆ ನೀನು ಹಾಡೀಲಿ ಎಲ್ರನ್ನ ಗೌರವದಿಂದ ಮಾತಾಡಿಸು ಅಂತ ತರಬೇತಿ ಕೊಟ್ರೆ ಅದಕ್ಕೆ ಅರ್ಥ ಇಲ್ಲ. ತರಬೇತುದಾರರಾದ ನಾವು ಇವ್ರನ್ನ ಹೇಗೆ ಮಾತಾಡಿಸ್ತೀವೋ ಅದೇ ಮೊದಲ ಪಾಠ.

ಮಧ್ಯೆ ಒಬ್ರು ಕೇಳಿದ್ರು, ಒಪಿಡೀಲಿ ನೂರು ಜನ ಇರ್ತಾರೆ, ಇದಕ್ಕೆಲ್ಲ ಟೈಮ್ ಎಲ್ಲಿ ಅಂತ. ನ್ಯಾಯವಾದ ಪ್ರಶ್ನೆ. ಹೆಸರು ಕೇಳಿ ಹೆಸರಿಡಿದು ಕರೆಯೋಕೆ ಟೈಮ್ ಬೇಡ. ಮುಟ್ಟೋ ಮುಂಚೆ "ಹೊಟ್ಟೆ ಮುಟ್ಟಿ ನೋಡ್ಲಾ ಅಕ್ಕ" ಅಂತ ಕೇಳೋಕೆ ಎರಡು ಸೆಕೆಂಡ್. ಜೊತೆಗೆ ಬಂದವರನ್ನ ಒಳಗೆ ಬಿಡೋಕೆ ಟೈಮೇ ಬೇಡ. ಟೈಮ್ ಬೇಕಾಗಿರೋದು ಒಂದಕ್ಕೆ, ಅದನ್ನ ಮಾತ್ರ ನಿಮ್ಮ ಮುಂದಿನ ಬ್ಯಾಚಿನ ಪ್ಲಾನಲ್ಲಿ ಸೇರಿಸ್ಕೊಳಿ ಅಂತ ಕೇಳ್ಕೋತೀನಿ. ತರಬೇತಿ ಮುಗಿದು ಮೂರು ತಿಂಗಳಿಗೆ ಹಾಡಿಗೆ ಹೋಗಿ, ಪಿಎಚ್‌ಸಿ ಸಿಬ್ಬಂದಿ ಯಾರೂ ಜೊತೆಗಿಲ್ಲದೆ, ಆಸ್ಪತ್ರೆಗೆ ಹೋಗಿ ಬಂದವರನ್ನ, ಅರ್ಧಕ್ಕೆ ಎದ್ದು ಬಂದವರನ್ನ, ಹೋಗದೇ ಇದ್ದವರನ್ನ ಕೇಳ್ಬೇಕು: ಹೇಗೆ ನಡೆಸ್ಕೊಂಡ್ರು? ಮತ್ತೆ ಹೋಗ್ತೀರಾ? ಅವ್ರು ಹೇಳಿದ್ದನ್ನ ತಂದು ತಿಂಗಳ ಮೀಟಿಂಗಲ್ಲಿ ಓದ್ಬೇಕು, ಹೇಳಿದವರ ಹೆಸರು ಬಿಟ್ಟು. ಈಗ ನಮ್ಮ ಮೌಲ್ಯಮಾಪನ ಫಾರ್ಮಲ್ಲಿ ಇರೋದು ಊಟ ಹೇಗಿತ್ತು, ಹಾಲ್ ಹೇಗಿತ್ತು, ಸಂಪನ್ಮೂಲ ವ್ಯಕ್ತಿ ಹೇಗಿದ್ರು ಅಂತ. ಅದನ್ನ ತುಂಬೋದು ತರಬೇತಿ ಪಡೆದವರು. ಹೊಸ ಫಾರ್ಮ್ ಮಾಡೋವಾಗ ಹಾಡಿಯವರು ಇಬ್ರಾದ್ರೂ ಜೊತೆಗೆ ಕೂತಿರ್ಲಿ, ಪ್ರಶ್ನೆ ಯಾವುದು ಅಂತ ಅವ್ರೇ ಹೇಳ್ಲಿ, ಜೂನ್ ಬ್ಯಾಚಿಗೆ ಬೇಕು ಅಂದ್ರೆ ಈ ವಾರಾನೇ ಅವ್ರತ್ರ ಹೋಗಿ ಕೂರ್ಬೇಕಾಗುತ್ತೆ.